ಕಂಪನಿ ಕಟ್ಟಿದ ಮೇಲೆ ಉಳಿಯುವ ಬಾಕಿ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಸಾಲ ಕೊಟ್ಟು ವಸೂಲು ಮಾಡಿದವನಿಗೆ ಒಂದು ಚಟ ಅಂಟಿಕೊಂಡುಬಿಡುತ್ತದೆ. ಯಾವ ವಿಷಯ ಎದುರಿಗೆ ಬಂದರೂ ಇದರಲ್ಲಿ ಸಾಲಗಾರ ಯಾರು, ಜಾಮೀನು ಯಾರದು, ಬಾಕಿ ಎಷ್ಟು ಎಂದು ಮನಸ್ಸು ಲೆಕ್ಕ ಹಾಕುತ್ತಿರುತ್ತದೆ. ಮದುವೆ ಮನೆಗೆ ಹೋದರೂ ನಿಮ್ಮದು ಇದೇ ಕಥೆ ಅಂತ ನನ್ನ ಹೆಂಡತಿ ನಗುತ್ತಾಳೆ. ಆ ಚಟದಿಂದಲೇ ಇರಬೇಕು, ಪುಣೆಯಲ್ಲಿ ನಡೆದ ಒಂದು ಸೈಕಲ್ ಅಪಘಾತದ ಲೆಕ್ಕ ಇಷ್ಟು ವರ್ಷವಾದರೂ ನನ್ನ ತಲೆಯಲ್ಲಿ ಮುಗಿದಿಲ್ಲ.

1872ರ ಕರಾರು ಕಾಯಿದೆಯ 140ನೇ ಕಲಮು ನಮ್ಮಂಥವರಿಗೆ ಬಾಯಿಪಾಠ. ಸಾಲಗಾರನ ಪರವಾಗಿ ಜಾಮೀನುದಾರ ಹಣ ಕಟ್ಟಿದರೆ, ಸಾಲ ಕೊಟ್ಟವನಿಗಿದ್ದ ಹಕ್ಕೆಲ್ಲ ಅವನಿಗೆ ಬರುತ್ತದೆ. ಮರುದಿನವೇ ಹೋಗಿ ಸಾಲಗಾರನ ಬಾಗಿಲು ಬಡಿಯಬಹುದು. ಸಾಲಗಾರ ಬಿಡುಗಡೆಯಾಗುವುದಿಲ್ಲ, ಅವನನ್ನು ಕೇಳುವವರು ಬದಲಾಗುತ್ತಾರೆ ಅಷ್ಟೆ. ಮೋಟಾರು ವಿಮೆಯಲ್ಲಿ ಹಾಗಲ್ಲ. ಕಾರಿನವನು ಸೈಕಲ್ಲಿನವನಿಗೆ ಗುದ್ದಿದ, ಪರಿಹಾರವನ್ನು ಕಂಪನಿ ಕಟ್ಟಿತು. ಲೈಸೆನ್ಸ್ ಇಲ್ಲದೆ ಓಡಿಸಿದ ಎಂಬಂಥ ಸಂಗತಿ ಇದ್ದರೆ ಮೊದಲು ಕಟ್ಟಿ ಆಮೇಲೆ ಅವನಿಂದ ವಸೂಲು ಮಾಡಲು ನ್ಯಾಯಮಂಡಳಿ ಹೇಳಬಹುದು. ಇಲ್ಲದಿದ್ದರೆ ಅವನ ಬಾಗಿಲನ್ನು ಯಾರೂ ಬಡಿಯುವುದಿಲ್ಲ. ಹಾಗಾದರೆ ಅವನ ಋಣ ತೀರಿತೆ?

ವ್ಯವಸ್ಥೆಯೇ ತಪ್ಪು ಎನ್ನಲಾರೆ. ಥರ್ಡ್ ಪಾರ್ಟಿ ವಿಮೆ ಕಡ್ಡಾಯವೆಂದು 1939ರ ಕಾಯಿದೆಯಲ್ಲೇ ಇತ್ತು, 1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಮು ಅದನ್ನೇ ಮುಂದುವರಿಸಿತು. ಸೈಕಲ್ಲಿನವನು ವಿಮೆ ಮಾಡಿಸಬೇಕಿಲ್ಲ. ಒಂದು ಟನ್ ಕಬ್ಬಿಣವನ್ನು ರಸ್ತೆಗಿಳಿಸುವವನೇ ಅದರಿಂದಾಗುವ ಕೇಡಿಗೂ ಹಣ ತೆಗೆದಿಡಬೇಕು. ಗುದ್ದಿದವನ ಜೇಬಿನಲ್ಲಿ ಇದ್ದರೆ ಉಂಟು ಎಂಬ ಪರಿಸ್ಥಿತಿಗೆ ಬಡವನನ್ನು ಬಿಡಬಾರದು. ಇದೆಲ್ಲ ನ್ಯಾಯವೇ.

ಆದರೆ ದರ ನೋಡಿ. 2022ರ ಜೂನ್‌ನಲ್ಲಿ ನಿಗದಿಯಾದಂತೆ, 1000ದಿಂದ 1500 ಸಿಸಿವರೆಗಿನ ಸ್ವಂತ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ದಿನಕ್ಕೆ ಒಂಬತ್ತು ರೂಪಾಯಿ ಚಿಲ್ಲರೆ, ಒಂದು ಚಹಾದ ದುಡ್ಡು. ಈ ದರ ಎಂಜಿನ್ನಿನ ಗಾತ್ರ ನೋಡಿ ಹಾಕಿದ್ದು, ಓಡಿಸುವವನ ಸ್ವಭಾವ ನೋಡಿ ಅಲ್ಲ. ಇನ್ನೊಂದು ವಿಚಿತ್ರ ಇದೆ. ನೋ ಕ್ಲೇಮ್ ಬೋನಸ್ ಎಂಬುದು ನಮ್ಮ ವಾಹನದ ಹಾನಿಯ ಪ್ರೀಮಿಯಂಗೆ ಮಾತ್ರ ಸಂಬಂಧಪಟ್ಟದ್ದು. ನಿಮ್ಮ ಬಂಪರ್ ಮುರಿದು ಕ್ಲೇಮ್ ಹಾಕಿದಿರೋ, ಬೋನಸ್ ಹೋಯಿತು. ಇನ್ನೊಬ್ಬನ ಕಾಲು ಮುರಿದು ಅವನು ಕ್ಲೇಮ್ ಹಾಕಿದರೆ ನಿಮ್ಮ ಬೋನಸ್ಸಿಗೆ ಏನೂ ಆಗುವುದಿಲ್ಲ.

ಇನ್ನು ನಡೆದ ಸಂಗತಿ. 2018ರ ಡಿಸೆಂಬರ್. ನನ್ನ ನಿವೃತ್ತಿಗೆ ಇನ್ನೊಂದು ವರ್ಷ ಇತ್ತು. ನಮ್ಮ ಸೊಸೈಟಿಯ ವಾಚ್‌ಮನ್ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವನು, ಮೂವತ್ತೆಂಟರ ವಯಸ್ಸು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಸೈಕಲ್ಲಿನಲ್ಲಿ ಪೇಪರ್ ಹಾಕಿ ಬಂದು, ಎಂಟರಿಂದ ಗೇಟಿನಲ್ಲಿ ಕೂರುತ್ತಿದ್ದ. ಪುಣೆಯನ್ನು ಒಂದು ಕಾಲಕ್ಕೆ ಸೈಕಲ್ಲುಗಳ ಊರು ಎನ್ನುತ್ತಿದ್ದರು. ಈಗ ಆ ಹೊತ್ತಿನಲ್ಲಿ ಸೈಕಲ್ ಮೇಲೆ ಕಾಣುವವರು ಎರಡೇ ತರಹ. ಹೆಲ್ಮೆಟ್ ಹಾಕಿಕೊಂಡು ವ್ಯಾಯಾಮಕ್ಕೆ ಹೊರಟವರು, ಮತ್ತು ಇವನಂಥ ಪೇಪರಿನವರು, ಹಾಲಿನವರು. ಹಿಂಜವಡಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ ಹುಡುಗನೊಬ್ಬನ ಕಾರು ಹಿಂದಿನಿಂದ ಬಂದು ಗುದ್ದಿತು. ಎಡಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. ಹುಡುಗ ಓಡಿಹೋಗಲಿಲ್ಲ. ತಾನೇ ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಿದ, ಅಪ್ಪನನ್ನು ಕರೆಸಿ 20,000 ಅಡ್ವಾನ್ಸ್ ಕಟ್ಟಿಸಿದ, ಪೊಲೀಸರಿಗೂ ತಿಳಿಸಿದ. ಕಾಯಿದೆಯ 134ನೇ ಕಲಮು ಹೇಳುವುದೂ ಅದನ್ನೇ.

ಆ ಅಪ್ಪ ನಮ್ಮ ಕನ್ನಡ ಸಂಘದ ಗೆಳೆಯರು, ಮೈಸೂರಿನ ಕಡೆಯವರು. ಹೀಗಾಗಿ ಗುದ್ದಿದವರೂ ನನಗೆ ಬೇಕಾದವರು, ಗುದ್ದಿಸಿಕೊಂಡವನೂ ಬೇಕಾದವನು. ಪರಊರಿನಲ್ಲಿ ಕನ್ನಡ ಎಂಬುದು ಎಲ್ಲರನ್ನೂ ಒಂದು ಚಾಪೆಯ ಮೇಲೆ ಕೂರಿಸುತ್ತದೆ ಎಂದು ರಾಜ್ಯೋತ್ಸವದ ಭಾಷಣಗಳಲ್ಲಿ ಕೇಳಿದ್ದೇವೆ. ನಾನು ನೋಡಿದ ಮಟ್ಟಿಗೆ, ಕಾರ್ಯಕ್ರಮದ ದಿನ ಕುರ್ಚಿ ಹಾಕುವವನೂ ಕುರ್ಚಿಯಲ್ಲಿ ಕೂರುವವನೂ ಬೇರೆಬೇರೆಯೇ.

ಮೂರನೆಯ ದಿನ ಗೆಳೆಯರು ಮನೆಗೆ ಬಂದರು. “ರಾಯರೇ, ವಕೀಲರು ಇನ್ನು ಆಸ್ಪತ್ರೆ ಕಡೆ ತಲೆ ಹಾಕಬೇಡಿ ಅಂತಾರೆ. ಹೋದ್ರೆ ತಪ್ಪು ಒಪ್ಪಿಕೊಂಡ ಹಾಗಾಗತ್ತಂತೆ. ಪಾಲಿಸಿಯಲ್ಲೂ ಹಾಗೇ ಬರೆದಿದೆಯಂತೆ. ಏನ್ ಮಾಡೋದು?”

ಪಾಲಿಸಿ ತರಿಸಿ ಓದಿದೆ. ಸಣ್ಣ ಅಕ್ಷರ ಓದುವುದು ನನ್ನ ಕಸುಬು. ಷರತ್ತು ಇದ್ದದ್ದು ನಿಜ, ಎಲ್ಲ ಮೋಟಾರು ಪಾಲಿಸಿಗಳಲ್ಲೂ ಇರುವಂಥದ್ದೇ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ವಿಮೆ ಮಾಡಿಸಿದವನು ತಪ್ಪೊಪ್ಪಿಗೆ ಕೊಡಬಾರದು, ಹಣ ಕೊಡುತ್ತೇನೆಂದು ಹೇಳಬಾರದು, ಮಾತು ಕೊಡಬಾರದು, ಹಣ ಪಾವತಿ ಮಾಡಲೂಬಾರದು. ಕಂಪನಿಯ ದೃಷ್ಟಿಯಿಂದ ಇದು ಸಹಜ. ದುಡ್ಡು ಕಟ್ಟುವವರು ಅವರು, ಮಧ್ಯದಲ್ಲಿ ಇವರು ಹೋಗಿ ಹತ್ತು ಲಕ್ಷ ಕೊಡಿಸ್ತೀನಿ ಅಂದರೆ ಅವರ ಗತಿ ಏನು? ಬ್ಯಾಂಕಿನಲ್ಲೂ ನಾವು ಇಂಥ ಷರತ್ತುಗಳನ್ನು ಬರೆಸಿಕೊಂಡವರೇ.

ಅವರ ಭಯವೂ ಸುಳ್ಳಲ್ಲ. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 279 ಮತ್ತು 338ನೇ ಕಲಮುಗಳ ಕೆಳಗೆ ಕೇಸು ದಾಖಲಾಗಿತ್ತು. 338ಕ್ಕೆ ಎರಡು ವರ್ಷದವರೆಗೆ ಶಿಕ್ಷೆ ಇತ್ತು. 2024ರ ಜುಲೈನಿಂದ ಆ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125 ಬಂದಿವೆ. ಹುಡುಗ ಪರದೇಶಕ್ಕೆ ಹೋಗುವ ತಯಾರಿಯಲ್ಲಿದ್ದ, ಕೇಸಿನ ಕಾಗದ ವೀಸಾಕ್ಕೆ ಅಡ್ಡ ಬಂದೀತೆಂದು ತಾಯಿಗೆ ನಿದ್ದೆ ಇಲ್ಲ. ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಎಂದು ಸಂವಿಧಾನದ 20ನೇ ವಿಧಿಯೇ ಹೇಳುತ್ತದೆ. ಕೋರ್ಟಿನಲ್ಲಿ ಸುಮ್ಮನಿರುವುದು ಅವನ ಹಕ್ಕು. ಅದರ ಬಗ್ಗೆ ನನ್ನ ತಕರಾರಿಲ್ಲ.

ನನ್ನ ತಕರಾರು, ಕೋರ್ಟಿನ ಮೌನವನ್ನು ಆಸ್ಪತ್ರೆಯ ವಾರ್ಡಿಗೂ ತಂದು ಇಡುವುದರ ಬಗ್ಗೆ. ಷರತ್ತು ತಪ್ಪೊಪ್ಪಿಗೆ ಬೇಡ ಎನ್ನುತ್ತದೆಯೇ ಹೊರತು ಮನುಷ್ಯನನ್ನು ನೋಡಬೇಡ ಎನ್ನುವುದಿಲ್ಲ. ‘ಹೇಗಿದ್ದೀಯಪ್ಪ, ನೋವು ಕಡಿಮೆ ಆಯ್ತಾ’ ಎಂದು ಕೇಳುವುದು ಒಪ್ಪಿಗೆಪತ್ರವಲ್ಲ. ಎರಡು ಹಣ್ಣು ಕೊಟ್ಟರೆ ಅದು ಪರಿಹಾರದ ಪಾವತಿಯಲ್ಲ. ಔಷಧಕ್ಕೆ ಸಹಾಯ ಮಾಡಬೇಕೆನಿಸಿದರೆ ಕಂಪನಿಗೆ ಕಾಗದ ಬರೆದು ಒಪ್ಪಿಗೆ ಕೇಳಬಹುದು; ಷರತ್ತಿನಲ್ಲೇ ಆ ಬಾಗಿಲು ಇದೆ. ಆ ಕಾಗದವನ್ನು ನಾನೇ ಡ್ರಾಫ್ಟ್ ಮಾಡಿಕೊಟ್ಟೆ. ಗೆಳೆಯರು ಅದನ್ನು ಮಡಚಿ ಜೇಬಿಗಿಟ್ಟುಕೊಂಡರು, ಕಳಿಸಲಿಲ್ಲ. “ವಕೀಲರನ್ನ ಒಂದ್ಮಾತು ಕೇಳ್ತೀನಿ” ಅಂದರು. ವಕೀಲರು ಏನು ಹೇಳುತ್ತಾರೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಇತ್ತ ವಾರ್ಡಿನಲ್ಲಿ ಅರ್ಜಿ ಫಾರಂ ತುಂಬಿಕೊಡಲು ನಾನು ಹೋಗುತ್ತಿದ್ದೆ. ಒಂದು ಸಂಜೆ ಅವನೇ ಅಂದ: “ಸಾಹೇಬ್ರ, ರೊಕ್ಕ ಕಂಪನೀದು ಬರ್ತದಂತ ವಕೀಲ ಹೇಳ್ಯಾನ. ಬರಲಿ. ಆದ್ರ ಆ ಹುಡುಗ ಒಮ್ಮಿ ಬಂದು ಮಾರಿ ತೋರಿಸ್ಲಿಲ್ಲ ನೋಡ್ರಿ. ಅವತ್ತ ಎತ್ಕೊಂಡು ಬಂದಾಗ ಅಂವಾ ಅಳತಿದ್ದ. ಆಮ್ಯಾಲ ಏನಾತು?”

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊದಲ ದಿನ ಅತ್ತವನ ಕಣ್ಣೀರನ್ನು ಮೂರನೆಯ ದಿನ ಒಂದು ಷರತ್ತು ಒರೆಸಿ ಹಾಕಿತ್ತು. ವಿಮೆ ಎಂದರೆ ನಷ್ಟವನ್ನು ಬೇರೆಯವರ ಹೆಗಲಿಗೆ ಸಾಗಿಸುವುದು ಎಂದು ಎಂಕಾಂನಲ್ಲಿ ಓದಿದ್ದೆ. ನಷ್ಟ ಸಾಗುತ್ತದೆ, ಸರಿ. ಗುದ್ದಿದ್ದು ನಾನು ಎಂಬ ಸಂಗತಿ ಯಾವ ಹೆಗಲಿಗೂ ಸಾಗುವುದಿಲ್ಲ. ಕಾನೂನು ಈಚೆಗೆ ಆ ಸಂಗತಿಯನ್ನು ಕೇಳುವುದನ್ನೇ ಕಡಿಮೆ ಮಾಡುತ್ತಿದೆ. 2022ರ ಏಪ್ರಿಲ್‌ನಿಂದ 164ನೇ ಕಲಮಿನಂತೆ ತಪ್ಪು ಯಾರದೆಂದು ರುಜುವಾತು ಮಾಡದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೇಳಬಹುದು. ಗುದ್ದಿ ಓಡಿಹೋದ ವಾಹನ ಸಿಗದಿದ್ದರೆ ಸರ್ಕಾರದ ಯೋಜನೆಯಿಂದ 2 ಲಕ್ಷ ಮತ್ತು 50,000. 2025ರ ಮೇನಲ್ಲಿ ಬಂದ ಯೋಜನೆಯಲ್ಲಿ ಮೊದಲ ಏಳು ದಿನ 1.5 ಲಕ್ಷದವರೆಗೆ ನಗದು ಕಟ್ಟದೆ ಚಿಕಿತ್ಸೆ. ಗಾಯಗೊಂಡವನಿಗೆ ಇವೆಲ್ಲ ಒಳ್ಳೆಯವು, ಇನ್ನೂ ಮೊದಲೇ ಬರಬೇಕಿತ್ತು. ಆದರೆ ತಪ್ಪು ಯಾರದೆಂದು ಕೋರ್ಟು ಕೇಳದೆ ಇದ್ದ ಮಾತ್ರಕ್ಕೆ ನಾವೂ ಕೇಳಿಕೊಳ್ಳಬೇಕಿಲ್ಲ ಎಂದಾಯಿತೇ?

ಅವನು ಎರಡು ತಿಂಗಳಿಗೆ ಊರಿಗೆ ಹೋದ. ಕ್ಲೇಮನ್ನು ವಿಜಯಪುರದಲ್ಲೇ ಹಾಕಿದರು. ಅಪಘಾತ ನಡೆದ ಊರಿನಲ್ಲಿ ಮಾತ್ರವಲ್ಲ, ಅರ್ಜಿದಾರ ವಾಸವಿರುವ ಕಡೆಯೂ ಹಾಕಬಹುದೆಂದು 1994ರ ತಿದ್ದುಪಡಿಯಿಂದ ಅವಕಾಶವಿದೆ. ಹೊಟ್ಟೆಪಾಡಿಗೆ ಊರು ಬಿಟ್ಟವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ನಮ್ಮ ಜನಕ್ಕೆ ಇದು ತಿಳಿದಿರುವುದೂ ಕಡಿಮೆ. ಕಾಲು ಮುರಿದವನು ತಾರೀಖಿಗೊಮ್ಮೆ ಪುಣೆಗೆ ಬಂದು ಎಲ್ಲಿ ಉಳಿಯಬೇಕು?

ಲೆಕ್ಕ ಹೀಗೆ ನಡೆಯಿತು. ಅವನ ನಿಜವಾದ ಗಳಿಕೆ ತಿಂಗಳಿಗೆ 14,000ದ ಹತ್ತಿರ. ಏಜೆನ್ಸಿಯವರು ಸಂಬಳವನ್ನು ಕೈಗೇ ಕೊಡುತ್ತಿದ್ದರು, ಕಾಗದವಿಲ್ಲ. ನ್ಯಾಯಮಂಡಳಿ 9,000 ಎಂದು ಹಿಡಿಯಿತು. ನಲವತ್ತರೊಳಗಿನವರಿಗೆ ಮುಂದೆ ಗಳಿಕೆ ಹೆಚ್ಚುತ್ತಿತ್ತೆಂದು 40 ಶೇಕಡಾ ಸೇರಿಸಬೇಕೆಂದು 2017ರ ಸುಪ್ರೀಂ ಕೋರ್ಟ್ ತೀರ್ಪಿದೆ. ತಿಂಗಳಿಗೆ 12,600 ಆಯಿತು. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 36ರಿಂದ 40ರ ವಯಸ್ಸಿಗೆ ಗುಣಕ 15. ಎಲ್ಲ ಗುಣಿಸಿದರೆ 22,68,000. ಇದರಲ್ಲಿ ಎಷ್ಟು ಭಾಗ ಅವನು ಕಳೆದುಕೊಂಡ? ಕಾಲಿಗೆ 45 ಶೇಕಡಾ ಊನವೆಂದು ಡಾಕ್ಟರು ಬರೆದರು. ಇಡೀ ದೇಹಕ್ಕೆ 15 ಅಷ್ಟೇ ಎಂದು ಕಂಪನಿ ವಾದಿಸಿತು. ಊನವನ್ನು ದೇಹದಲ್ಲಿ ಅಲ್ಲ, ದುಡಿಮೆಯಲ್ಲಿ ಅಳೆಯಬೇಕು ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಡಗೈ ಹೋದರೆ ಬಡಗಿಗೆ ದುಡಿಮೆಯೇ ಹೋಯಿತು, ಸರ್ಕಾರಿ ಗುಮಾಸ್ತನಿಗೆ ನೌಕರಿ ಉಳಿದೀತು ಎಂಬುದು ಆ ತೀರ್ಪಿನ ಉದಾಹರಣೆ. ನಾನು ಗುಮಾಸ್ತನಾಗಿಯೇ ಶುರು ಮಾಡಿದವನು. ಅದೇ ಕಾಲು ನನ್ನದು ಮುರಿದಿದ್ದರೆ ನನ್ನ ಸಂಬಳದಲ್ಲಿ ಒಂದು ರೂಪಾಯಿ ಕಡಿಮೆಯಾಗುತ್ತಿರಲಿಲ್ಲ. ನ್ಯಾಯಮಂಡಳಿ 25 ಶೇಕಡಾ ಎಂದಿತು. 5,67,000. ಆಸ್ಪತ್ರೆ ಖರ್ಚು, ನೋವು, ಮಿಕ್ಕಿದ್ದೆಲ್ಲ ಸೇರಿ 7,40,000. ಸೈಕಲ್ಲಿಗೆ ಹಿಂದೆ ರಿಫ್ಲೆಕ್ಟರ್ ಇರಲಿಲ್ಲ, ಆ ಕತ್ತಲೆಯಲ್ಲಿ ಅವನ ಪಾಲೂ ಇದೆ ಎಂದು ಹತ್ತು ಶೇಕಡಾ ಕಡಿತ. ಕಡಿತ 74,000.

ಅಷ್ಟು ತಾರೀಖುಗಳಲ್ಲಿ ಕಾರಿನ ಮಾಲೀಕರು ಒಂದು ಸಲವೂ ಹೋಗಲಿಲ್ಲ. ಹೋಗಲೇಬೇಕೆಂದೂ ಇರಲಿಲ್ಲ, ಕಂಪನಿಯ ವಕೀಲರು ನಡೆಸಿದರು. 2021ರಲ್ಲಿ ಆದೇಶ ಬಂತು. ಅರ್ಧ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಡಬೇಕು, ಅದರ ಮೇಲೆ ಸಾಲ ಕೊಡಕೂಡದು ಎಂಬ ಷರಾ. ಇಂಥ ರಸೀದಿಗಳನ್ನು ನಾನು ಎಷ್ಟೋ ಬರೆದಿದ್ದೇನೆ, ಹೆಸರಿನ ಹಿಂದೆ ಯಾರ ಯಾವ ಕಾಲಿದೆ ಎಂದು ಆಗ ನೋಡಿದ್ದಿಲ್ಲ.

ಆದೇಶದ ನಕಲು ಹಿಡಿದುಕೊಂಡು ಗೆಳೆಯರು ಮತ್ತೆ ಬಂದರು. ಹುಡುಗ ಆಗಲೇ ಪರದೇಶ ಸೇರಿದ್ದ. ಕೇಸು ಅವನ ವೀಸಾಕ್ಕೆ ಅಡ್ಡ ಬಂದಿರಲಿಲ್ಲ.

“ಈ 74 ಸಾವಿರ ಕಟ್ ಮಾಡಿದ್ದಾರಲ್ಲ ರಾಯರೇ, ಇದನ್ನ ನಾವು ಕೊಡಬೇಕಾಗತ್ತಾ?”

“ಇಲ್ಲ. ನೀವು ಕೊಡಬೇಕಾದ್ದು ಏನೂ ಇಲ್ಲ. ಕೇಳೋ ಹಕ್ಕು ಅವನಿಗೂ ಇಲ್ಲ.”

“ಹಾಗಾದ್ರೆ ಮುಗೀತು ಅನ್ನಿ.”

“ಕಾನೂನಿಂದು ಮುಗೀತು. ಆದ್ರೆ ನಿಮ್ಮನ್ನ ಯಾರೂ ಕೇಳದೆ ಇದ್ದಾಗ ನೀವಾಗೇ ಆ ಮೊತ್ತ ಲೆಕ್ಕ ಹಾಕ್ಕೊಂಡು ಇಲ್ಲಿಗೆ ಯಾಕೆ ಬಂದ್ರಿ?”

ಅವರು ಉತ್ತರ ಕೊಡಲಿಲ್ಲ. ಕಾಫಿ ಕುಡಿದು, ಸಂಘದ ಲೆಕ್ಕಪತ್ರದ ಮಾತಾಡಿ ಎದ್ದರು. ನಾನೂ ಒತ್ತಾಯ ಮಾಡಲಿಲ್ಲ. ವಸೂಲಿಗೆ ಹೋಗಲು ಇದು ಬ್ಯಾಂಕಿನ ಸಾಲವಲ್ಲ, ನಾನು ಅವರ ಮನಸ್ಸಿನ ಮ್ಯಾನೇಜರೂ ಅಲ್ಲ.

ಅವನು ಪುಣೆಗೆ ಮರಳಲಿಲ್ಲ, ಊರಿನ ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಪಾನ್ ಅಂಗಡಿ ಇಟ್ಟುಕೊಂಡಿದ್ದಾನೆ. ಆಗಾಗ ಫೋನ್ ಮಾಡುತ್ತಾನೆ. ಮಗಳು ಪಿಯುಸಿಗೆ ಸೇರಿದ ವರ್ಷ ಫೀ ಹೇಗೆ ಹೊಂದಿಸಿದೆ ಎಂದು ಕೇಳಿದೆ.

“ಪುಣೇದಿಂದ ಆ ತಮ್ಮ ಬಂದಿದ್ದನ್ರಿ, ಸೂಟಿಗೆ ಬಂದಿದ್ನಂತ. ಸೋಲಾಪುರ ಮಟಾ ರೈಲಿಗೆ ಬಂದು, ಅಲ್ಲಿಂದ ಬಸ್ಸಿಗೆ. ದಿನಾ ಪೂರ್ತಿ ಇದ್ದ. ಕಾಲ ನೋಡಿದ.”

ಎಷ್ಟು ಕೊಟ್ಟ ಎಂದು ನಾನು ಕೇಳಲಿಲ್ಲ. ಅವನೂ ಅದರ ಬಗ್ಗೆ ಹೇಳದೆ, ಹುಡುಗ ಖಡಕ್ ರೊಟ್ಟಿ ತಿನ್ನಲು ಪಟ್ಟ ಪಾಡನ್ನು ಹೇಳಿ ಬಹಳ ಹೊತ್ತು ನಕ್ಕ.