ಯಾವ ಕಡೆ ತಿರುಗಿ ಮೀಯುವುದು

ಹರಿಯುವ ನೀರಿನಲ್ಲಿ ಮೀಯುವವರು ಪ್ರವಾಹಕ್ಕೆ ಎದುರಾಗಿ ನಿಲ್ಲಬೇಕು, ನಿಂತ ನೀರಿನಲ್ಲಾದರೆ ಸೂರ್ಯನಿಗೆ ಎದುರಾಗಿ. ಮಡಿಯ ಮನೆಗಳಲ್ಲಿ ಬೆಳೆದವರು ಇದನ್ನು ಯಾವಾಗಲೋ ಒಮ್ಮೆ ಕೇಳಿರುತ್ತಾರೆ. ಕಲ್ಕತ್ತೆಯ ಲೇಕ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಉಡುಪಿ ಕಡೆಯ ಕುಟುಂಬವೊಂದು ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುತ್ತಿತ್ತು. ಅದರ ಈಜುಕೊಳದ ಪೈಪಿನ ಕೆಲಸ ನನ್ನದು. ಎಪ್ಪತ್ತು ದಾಟಿದ ಆ ಮನೆಯ ಅಮ್ಮ ಈ ವಿಧಿಯನ್ನು ಹಿಡಿದು ನನ್ನನ್ನು ಕೇಳಿದರು: "ನೀನು ಈ ಜೆಟ್ ಕೂರಿಸಿದ ಮೇಲೆ ಇದು ಹರಿಯುವ ನೀರೋ ನಿಂತ ನೀರೋ? ಕಾರ್ತಿಕ ಸ್ನಾನಕ್ಕೆ ಇಳಿದರೆ ನಾನು ಎತ್ತ ತಿರುಗುವುದು ಮಾರಾಯ?"

ಕೊಳ ದೊಡ್ಡದೇನಲ್ಲ. ಐದು ಮೀಟರ್ ಉದ್ದ, ಎರಡೂವರೆ ಅಗಲ. ನಾಲ್ಕು ಸಲ ಕೈ ಬೀಸಿದರೆ ಗೋಡೆ. ಇಷ್ಟು ಜಾಗದಲ್ಲಿ ಈಜಬೇಕೆಂದರೆ ಈಜುವವನು ಮುಂದೆ ಹೋಗಬಾರದು, ನೀರೇ ಅವನ ಎದುರಿಗೆ ಬರಬೇಕು. ಮಗನಿಗೆ ಮಂಡಿ ನೋವು, ಡಾಕ್ಟರು ಈಜಲು ಹೇಳಿದ್ದಾರೆ. ಹಾಗಾಗಿ ಒಂದು ಗೋಡೆಯಲ್ಲಿ, ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಎರಡು ನಾಝಲ್ ಇಟ್ಟೆವು. ಹಿಂದೆ ಮೂರು ಎಚ್‌ಪಿ ಪಂಪು, ತಾಸಿಗೆ ಸುಮಾರು 50,000 ಲೀಟರ್ ತಳ್ಳುವಂಥದ್ದು. ಕೊಳದಲ್ಲಿರುವುದೇ 17,000 ಲೀಟರ್ ಆಸುಪಾಸು. ಅಂದರೆ ಅದೇ ನೀರು ತಾಸಿಗೆ ಮೂರು ಸಲ ಪಂಪಿನ ಹೊಟ್ಟೆಯೊಳಗೆ ಹೊಕ್ಕು ಹೊರಬರುತ್ತದೆ.

ನೋಡುವವರಿಗೆ ಕಾಣುವುದು ಚಿಮ್ಮುವ ಬಾಯಿ. ನಮಗೆ ತಲೆನೋವು ಹೀರುವ ಬಾಯಿ. ಅಲ್ಲಿಗೆ 110 ಎಂಎಂ ಪೈಪಿಗಿಂತ ಸಣ್ಣದು ಹಾಕಿದರೆ ನೀರು ಒಳಗೆ ಓಡತೊಡಗುತ್ತದೆ, ಪಂಪು ಗೊರಗುಟ್ಟುತ್ತದೆ. ಒಂದೇ ಬಾಯಿ ಇಡುವ ಹಾಗೂ ಇಲ್ಲ. ಬೆನ್ನೋ ಕೂದಲೋ ಅದಕ್ಕೆ ಅಂಟಿಕೊಂಡರೆ ಪಂಪು ಮನುಷ್ಯನನ್ನೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಎರಡು ಬಾಯಿ, ನಡುವೆ ಮೂರಡಿಗೂ ಹೆಚ್ಚು ದೂರ, ಮೇಲೆ ಉಬ್ಬಿದ ಜಾಲರಿ. ಒಂದು ಮುಚ್ಚಿದರೂ ಇನ್ನೊಂದು ಎಳೆಯುತ್ತಿರಬೇಕು. ತಿರುವಿನಲ್ಲಿ ಲಂಬಕೋನದ ಎಲ್ಬೋ ಹಾಕದೆ 45 ಡಿಗ್ರಿಯ ಎರಡು ಬೆಂಡ್ ಕೂಡಿಸಿದೆವು. ಕಾಂಕ್ರೀಟ್ ಬೀಳುವ ಮುಂಚೆ ಪೈಪಿಗೆ ಒತ್ತಡ ಕೊಟ್ಟು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಗೇಜಿನ ಮುಳ್ಳು ಅಲ್ಲೇ ಇದೆಯೇ ಎಂದು ನೋಡಿದ ಮೇಲೆಯೇ ಗಾರೆಯವರನ್ನು ಒಳಗೆ ಬಿಟ್ಟಿದ್ದು.

ಮೊದಲ ಸಲ ಪಂಪು ಹಾಕಿದಾಗ ನಮ್ಮ ಬಂಗಾಳಿ ಮಿಸ್ತ್ರಿ "ಜೋಯಾರ್, ಜೋಯಾರ್" ಎಂದು ಕೂಗಿದ. ಜೋಯಾರ್ ಎಂದರೆ ಇಲ್ಲಿ ಭರತ. ನನ್ನ ಯೋಚನೆ ಹರಿಯತೊಡಗಿದ್ದು ಅಲ್ಲಿಂದ. ಕಲ್ಕತ್ತೆಯ ಗಂಗೆ, ಅಂದರೆ ಹೂಗ್ಲಿ, ಸದಾ ಒಂದೇ ಕಡೆಗೆ ಹರಿಯುವವಳಲ್ಲ. ಸಮುದ್ರದ ಭರತ ಹೂಗ್ಲಿಯೊಳಗೆ ನುಗ್ಗಿ ಬಂದಾಗ ಘಾಟಿನ ಎದುರಿನ ನೀರು ಉತ್ತರಕ್ಕೆ ತಿರುಗುತ್ತದೆ, ಇಳಿತದಲ್ಲಿ ಮತ್ತೆ ದಕ್ಷಿಣಕ್ಕೆ. ಪ್ರವಾಹಕ್ಕೆ ಎದುರಾಗಿ ಮೀಯುವ ಭಕ್ತ ಬೆಳಿಗ್ಗೆ ಹಿಮಾಲಯದ ಕಡೆ ನೋಡಿದರೆ ಸಂಜೆ ಸಾಗರದ ಕಡೆ ನೋಡಬೇಕಾದೀತು. ಅದಕ್ಕಾಗಿ ಅದನ್ನು ನದಿಯಲ್ಲ ಎಂದವರು ಯಾರೂ ಇಲ್ಲ. ವೇಗವೂ ಲೆಕ್ಕಕ್ಕಿಲ್ಲ. ಕಾಳೀಘಾಟಿನ ಪಕ್ಕದ ಆದಿಗಂಗೆಯನ್ನು, ಗಂಗೆಯ ಹಳೆಯ ಪಾತ್ರವನ್ನು, ನೋಡಿ. 1770ರ ದಶಕದಲ್ಲಿ ಮೇಜರ್ ಟಾಲಿ ಅಗೆಸಿ ನಾಲೆ ಮಾಡಿದ. ಈಗ ಚರಂಡಿಯ ನೀರು, ಟಾಲಿಗಂಜ್ ದಾಟಿದರೆ ಹರಿವಿನ ನಡುವೆಯೇ ಮೆಟ್ರೋದ ಕಂಬಗಳು. ನೀರು ಹೆಜ್ಜೆ ಎತ್ತಲೂ ಯೋಚಿಸುತ್ತದೆ. ಆದರೂ ನಂಬುವವರಿಗೆ ಅದು ಗಂಗೆಯೇ. ನನ್ನ ಜೆಟ್ಟಿನ ನೀರೋ, ಅದಕ್ಕಿಂತ ಹತ್ತು ಪಾಲು ಜೋರು. ಅದೂ ಶೋಧಿಸಿದ ಗಂಗೆಯೇ, ಏಕೆಂದರೆ ನಗರಪಾಲಿಕೆಯ ನೀರು ಎತ್ತುವುದು ಹೂಗ್ಲಿಯಿಂದ.

ದಿಕ್ಕೂ ಅಲ್ಲ, ವೇಗವೂ ಅಲ್ಲ ಎಂದಾದರೆ ನದಿಯನ್ನು ಬೇರೆ ಮಾಡುವುದು ಏನು? ಯಾಜ್ಞವಲ್ಕ್ಯ ಸ್ಮೃತಿಯ ಒಂದು ಸಣ್ಣ ವಿಧಿ ನನಗೆ ಇಲ್ಲಿ ಹೆಚ್ಚು ಕೆಲಸಕ್ಕೆ ಬಂತು. ಪರರ ನೀರಿನಲ್ಲಿ ಮೀಯುವ ಮೊದಲು ಐದು ಮುದ್ದೆ ಮಣ್ಣು ತೆಗೆದು ಹೊರಗೆ ಹಾಕಬೇಕು. ನದಿ, ದೇವರೇ ತೋಡಿದ ಮಡು, ಒರತೆ ಇವುಗಳಲ್ಲಾದರೆ ಹಾಗೆಯೇ ಮೀಯಬಹುದು. ಬೇರೆಯವನು ತೋಡಿಸಿದ ಕೊಳದಲ್ಲಿ ಮಿಂದವನಿಗೆ ತೋಡಿಸಿದವನ ಪಾಪದ ಒಂದಂಶ ಅಂಟುತ್ತದೆ ಎಂದು ಮನು ಬೇರೆ ಹೆದರಿಸುತ್ತಾನೆ. ಎರಡನ್ನೂ ಸೇರಿಸಿ ಓದಿದರೆ ನದಿಯ ಹೆಚ್ಚುಗಾರಿಕೆ ಇರುವುದು ಅದಕ್ಕೆ ಯಜಮಾನ ಇಲ್ಲದಿರುವುದರಲ್ಲಿ. ನೀರು ಬಂತು, ಹೋಯಿತು, ಯಾರ ಕೈಗೂ ಸಿಗಲಿಲ್ಲ. ಕೆರೆ ಕಟ್ಟಿಸಿದವನು ಉತ್ಸರ್ಗ ಮಾಡಿ, ಇದು ಸಕಲ ಪ್ರಾಣಿಗಳಿಗೆ ಎಂದು ಬಿಟ್ಟುಕೊಡಬೇಕೆಂದು ವಿಧಿಸಿದ್ದೂ ಇದಕ್ಕೇ ಇರಬೇಕು. ಅಗೆದದ್ದನ್ನು ಆದಷ್ಟು ನದಿಯ ಹತ್ತಿರಕ್ಕೆ ಒಯ್ಯುವ ಉಪಾಯ ಅದು.

ಐದು ಮುದ್ದೆ ಮಣ್ಣಿನ ವಿಚಾರ ನಮ್ಮಂಥ ಕೆಲಸದವರಿಗೆ ಬಹಳ ಹಿಡಿಸುತ್ತದೆ. ಬಂದವರೆಲ್ಲ ಐದೈದು ಮುದ್ದೆ ಹೂಳು ಎತ್ತಿದರೆ ಕೆರೆ ಎಂದಿಗೂ ಹೂತುಹೋಗದು. ಪಾಪದ ಹೆದರಿಕೆ ತೋರಿಸಿ ನಿರ್ವಹಣೆಯ ಶುಲ್ಕ ವಸೂಲಿ ಮಾಡಿದ್ದಾರೆ! ಈ ಊರಿಗೂ ಅಂಥದೊಂದು ಕಥೆ ಇದೆ. 1870ರ ಸುಮಾರಿಗೆ ಪಲ್ತಾದ ನೀರುಸ್ಥಾವರದಿಂದ ನಲ್ಲಿ ನೀರು ಬಂದಾಗ ಸಂಪ್ರದಾಯಸ್ಥರು ತಕರಾರು ತೆಗೆದರಂತೆ, ಕೊನೆಗೆ ಪಂಡಿತರು ನೀರಿನ ತೆರಿಗೆ ಕಟ್ಟುವುದೇ ಪ್ರಾಯಶ್ಚಿತ್ತ ಎಂದು ತೀರ್ಪು ಕೊಟ್ಟರಂತೆ. ಹತ್ತಿರದ ರವೀಂದ್ರ ಸರೋವರ 1920ರ ದಶಕದಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ತೋಡಿಸಿದ್ದು. ಅಲ್ಲಿ ಸೂರ್ಯನಿಗೆ ಮುಖ ಮಾಡಿ ನೀರಿಗಿಳಿಯುತ್ತಿದ್ದ ಛಠ್ ವ್ರತದವರನ್ನು ನೀರು ಕೆಡುತ್ತದೆಂದು ಹಸಿರು ನ್ಯಾಯಮಂಡಳಿ ಬೇಡವೆಂದಿತು. ವ್ರತದವರ ನೋವು ನನಗೆ ಅರ್ಥವಾಗುತ್ತದೆ, ಆದರೆ ನೀರಿನ ಪರವಾಗಿ ಬಂದ ಆ ತೀರ್ಪು ಸ್ಮೃತಿಗೆ ದೂರದ್ದೆಂದು ಅನಿಸುವುದಿಲ್ಲ.

ಹಾಗಾಗಿ ಅಮ್ಮನಿಗೆ ಹೇಳಿದೆ, ಇದು ನಿಂತ ನೀರೇ. ಎಷ್ಟೇ ನುಗ್ಗಿದರೂ ನಾಲ್ಕು ಗೋಡೆ ದಾಟುವುದಿಲ್ಲ, ಇನ್ನೊಬ್ಬರ ಮನೆ ಮುಟ್ಟುವುದಿಲ್ಲ. ಮಗ ಒಪ್ಪಲಿಲ್ಲ. ಎದೆಗೆ ಬಡಿಯುತ್ತಿರುವಾಗ ಅದು ಹರಿವಲ್ಲ ಎಂದರೆ ಹೇಗೆ ಎಂದು ಅವರ ವಾದ. ಮಾಧ್ವರ ಮನೆ, ಜಗತ್ತು ಸತ್ಯ ಎನ್ನುವವರು. ಸುಮಧ್ವವಿಜಯದಲ್ಲಿ ಮಧ್ವಾಚಾರ್ಯರು ಈಜಿನಲ್ಲೂ ಕುಸ್ತಿಯಲ್ಲೂ ಗಟ್ಟಿಗರು. ಬಡಿತ ಸತ್ಯವೇ, ದಣಿವೂ ಸತ್ಯವೇ. ಅನುಮಾನವಿರುವ ಅದ್ವೈತಿಗಳು ಎರಡು ನಿಮಿಷ ಜೆಟ್ಟಿನ ಎದುರು ಈಜಿ ನೋಡಲಿ. ಆದರೆ ಈಜುವವನ ಶ್ರಮ ನಿಜ ಎಂಬುದರಿಂದ ನೀರು ನದಿಯಾಗುವುದಿಲ್ಲ.

ಅಮ್ಮ ಕೇಳಿದಾಗಲೇ, ಕಾಂಕ್ರೀಟ್ ಬೀಳುವ ಮುಂಚೆ, ನಾನು ಮಾಡಿದ್ದು ಇಷ್ಟು: ನಾಝಲ್‌ಗಳನ್ನು ಪೂರ್ವದ ಗೋಡೆಗೆ ಕೊಟ್ಟೆ, ಪಂಪಿನ ಗುಂಡಿಯನ್ನು ಅಡುಗೆಮನೆಯ ಹಿಂದಿನಿಂದ ಗೇಟಿನ ಪಕ್ಕಕ್ಕೆ ತಂದೆ. ಸ್ಕೂಟರ್ ನಿಲ್ಲಿಸುವ ಜಾಗ ಹೋಯಿತು. ಈಗ ಬೆಳಿಗ್ಗೆ ಜೆಟ್ಟಿಗೆ ತಿರುಗಿದವರು ಸೂರ್ಯನಿಗೂ ತಿರುಗಿರುತ್ತಾರೆ. ಇದು ಉತ್ತರವಲ್ಲ, ಪ್ರಶ್ನೆಯ ಪಕ್ಕದಿಂದ ನುಸುಳಿಕೊಂಡು ಹೋಗುವುದು, ಅಷ್ಟೇ. ಅಮ್ಮನಿಗೂ ಅದು ತಿಳಿಯದೆ ಇರಲಿಲ್ಲ. ಮಣ್ಣಿನ ಮುದ್ದೆಗೆ ಏನು ಮಾಡುವುದು, ಎಲ್ಲಾ ಟೈಲ್ಸ್ ಅಲ್ಲವೇ ಎಂದು ಕೇಳಿದರು. ಸ್ಕಿಮ್ಮರ್ ಬುಟ್ಟಿಯಲ್ಲಿ ದಿನಾ ಎಲೆ ಕೂತಿರುತ್ತದೆ, ಅದನ್ನು ತೆಗೆಯಿರಿ ಎಂದೆ. ಮಗ ನಕ್ಕು, "ಅಮ್ಮಾ, ಅದೆಲ್ಲ ಪರರ ನೀರಿಗೆ. ಇದು ನಮ್ಮದೇ ಅಲ್ವಾ?" ಎಂದರು.

"ಕರೆಂಟ್ ಬಿಲ್ ನಿನ್ನ ಹೆಂಡತಿಯ ಹೆಸರಿನಲ್ಲಿ ಬರ್ತದೆ," ಎಂದರು ಅಮ್ಮ, "ನಾನು ಎಲೆ ತೆಗೆದೇ ಇಳಿಯುವುದು."