ಯೋಧನ ಮನೆಗೆ ಸಲ್ಲುವ ದಾಸೋಹ

ದೇಶದ ಗಡಿಯಲ್ಲಿ ಪ್ರಾಣವನ್ನೊಪ್ಪಿಸಿದ ಯೋಧನ ಶರೀರವು ಹುಟ್ಟೂರಿಗೆ ಬರುವ ದಿನ ನಮ್ಮ ಜನರು ತೋರುವ ಗೌರವವು ಸಾಮಾನ್ಯವಾದುದಲ್ಲ. ಅಂಗಡಿಗಳು ತಾವಾಗಿಯೇ ಮುಚ್ಚುವುವು. ಶಾಲೆಯ ಮಕ್ಕಳು ರಸ್ತೆಯ ಇಕ್ಕೆಲಗಳಲ್ಲಿ ಹೂ ಹಿಡಿದು ನಿಲ್ಲುವರು. ಜೀವಮಾನದಲ್ಲಿ ಆತನ ಮುಖವನ್ನೇ ಕಾಣದವರ ಕಣ್ಣಿನಲ್ಲಿಯೂ ನೀರು ಬರುವುದು. ಈ ಕಣ್ಣೀರು ಸುಳ್ಳಲ್ಲ. ಇದನ್ನು ಹಗುರವಾಗಿ ಕಾಣತಕ್ಕದ್ದೂ ಅಲ್ಲ. ಆದರೂ ಸದ್ಭಕ್ತರಾದವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯುಂಟು. ನಾವು ತೋರುವ ಈ ಬೆಂಬಲವು ಯಾರಿಗೆ ಸಲ್ಲುತ್ತಿದೆ? ಆ ಯೋಧನಿಗೋ, ಅವನನ್ನು ಕಳೆದುಕೊಂಡ ಮನೆಯವರಿಗೋ, ಇಲ್ಲವೆ ನಮ್ಮ ಮನಸ್ಸಿನ ಸಮಾಧಾನಕ್ಕೋ?

2016ನೆಯ ಇಸವಿ ಫೆಬ್ರವರಿ 3ರಂದು ಸಿಯಾಚಿನ್ ಪ್ರದೇಶದಲ್ಲಿ ಸುಮಾರು 19,600 ಅಡಿಗಳ ಎತ್ತರದಲ್ಲಿದ್ದ ಕಾವಲು ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ 10 ಮಂದಿ ಅದರಡಿ ಹೂತುಹೋದರು. ಆರು ದಿನಗಳ ಅನಂತರ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರು ಜೀವಸಹಿತ ಸಿಕ್ಕಾಗ ನಾಡಿನ ಗುಡಿ, ಮಸೀದಿ, ಇಗರ್ಜಿಗಳಲ್ಲೆಲ್ಲ ಪ್ರಾರ್ಥನೆ ನಡೆಯಿತು. ಫೆಬ್ರವರಿ 11ರಂದು ಅವರು ದೆಹಲಿಯಲ್ಲಿ ಲಿಂಗೈಕ್ಯರಾದುದನ್ನು ಕೇಳಿ ಮರುಗದ ಮನೆಯಿಲ್ಲ. ಅದೇ ಹಿಮದಡಿ ನಮ್ಮ ನೆರೆಯ ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶರೂ, ಹೆಗ್ಗಡದೇವನಕೋಟೆಯ ಸಿಪಾಯಿ ಮಹೇಶರೂ ಇದ್ದರು. ಹನುಮಂತಪ್ಪನವರ ಹೆಸರು ಹೇಳಿದೊಡನೆ ತಲೆದೂಗುವ ನಮ್ಮಲ್ಲಿ ಎಷ್ಟು ಮಂದಿಗೆ ಮಿಕ್ಕ ಇಬ್ಬರ ಹೆಸರು ನೆನಪಿದೆ? ಹೆಸರು ಮರೆತದ್ದು ದೊಡ್ಡ ಅಪರಾಧವೆಂದು ನಾನು ಹೇಳಲಾರೆ. ಆದರೆ ನಮ್ಮ ಗೌರವವು ಸುದ್ದಿಯ ಬೆಳಕು ಬಿದ್ದಲ್ಲಿಗೆ ಓಡುವುದು, ಬೆಳಕು ಆರಿದಲ್ಲಿ ನಿಂತುಬಿಡುವುದು ಎಂಬುದನ್ನು ಇದು ತೋರಿಸುತ್ತದೆ.

ಸ್ಥಾವರ, ಜಂಗಮ ಎಂಬ ಭೇದವನ್ನು ಬಸವಣ್ಣನವರು ನಮಗೆ ತಿಳಿಸಿಕೊಟ್ಟಿದ್ದಾರೆ. ನಿಂತ ಕಲ್ಲಿಗೆ ನೈವೇದ್ಯವಿಡುವವನು, ಹಸಿದು ಬಾಗಿಲಿಗೆ ಬಂದ ಜಂಗಮನನ್ನು ಮುಂದಿನ ಮನೆಗೆ ಕಳುಹಿಸುವುದನ್ನು ಕಂಡು ಅವರು ನೊಂದು ನುಡಿದಿದ್ದಾರೆ. ಪುತ್ಥಳಿ, ವೃತ್ತದ ಹೆಸರು, ಬ್ಯಾನರು, ಮೆರವಣಿಗೆ ಇವೆಲ್ಲ ಸ್ಥಾವರ. ಯೋಧನ ಹೆಂಡತಿ, ವೃದ್ಧರಾದ ತಂದೆತಾಯಿಗಳು, ಶಾಲೆಗೆ ಹೋಗುವ ಮಗು, ಸೇವೆ ಮುಗಿಸಿ ಮರಳಿದ ಮಾಜಿ ಸೈನಿಕ ಇವರು ಜಂಗಮ. ಸ್ಥಾವರವು ಏನನ್ನೂ ಬೇಡುವುದಿಲ್ಲ; ಆದುದರಿಂದಲೇ ಅದಕ್ಕೆ ಕೊಡುವುದು ಸುಲಭ. ಜಂಗಮಕ್ಕೆ ಹಸಿವುಂಟು, ಕಾಯಿಲೆಯುಂಟು, ಕೆಲವೊಮ್ಮೆ ಸಿಟ್ಟೂ ಉಂಟು.

ಹಾಗೆಂದು ಕಲ್ಲು ನಿಲ್ಲಿಸುವುದೇ ತಪ್ಪೆಂದು ಭಾವಿಸಬಾರದು. ಮೂಡಿಗೆರೆಗೆ ನೆರೆಯದಾದ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ ಶಾಸನವನ್ನು ಕನ್ನಡ ಬಲ್ಲವರೆಲ್ಲರೂ ಕೇಳಿದ್ದಾರೆ. ಸುಮಾರು ಕ್ರಿ.ಶ. 450ರದೆಂದು ಎಣಿಸಲಾಗುವ ಆ ಶಾಸನವು ಬಹುಕಾಲ ಕನ್ನಡದ ಮೊದಲ ಶಾಸನವೆಂದೇ ಹೆಸರಾಗಿತ್ತು. ಅದರಲ್ಲಿ ಬರೆದಿರುವ ವಿಷಯವೇನೆಂಬುದನ್ನು ಮಾತ್ರ ಅನೇಕರು ಗಮನಿಸಿಲ್ಲ. ಯುದ್ಧದಲ್ಲಿ ಪರಾಕ್ರಮವನ್ನು ಮೆರೆದ ವಿಜಅರಸನೆಂಬವನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚಾಗಿ, ಎಂದರೆ ಕತ್ತಿಯನ್ನು ತೊಳೆದು ಗೌರವಿಸುವ ದತ್ತಿಯಾಗಿ, ಕೊಟ್ಟರೆಂಬುದೇ ಅಲ್ಲಿಯ ವಿಷಯ. ಕನ್ನಡವು ಕಲ್ಲಿನ ಮೇಲೆ ಮೊದಮೊದಲು ಮೂಡಿದ್ದೇ ಯೋಧನೊಬ್ಬನ ಋಣವನ್ನು ತೀರಿಸಿದ ಪತ್ರವಾಗಿ! ಮುಂದೆ ನಮ್ಮ ಊರೂರುಗಳಲ್ಲಿ ವೀರಗಲ್ಲುಗಳು ನಿಂತವು. ತುರು ಬಿಡಿಸಲು ಹೋಗಿ ಮಡಿದವನಿಗೆ, ಊರಳಿವನ್ನು ತಡೆದು ಬಿದ್ದವನಿಗೆ ಕಲ್ಲು ನಿಲ್ಲಿಸಿದ ಹಿರಿಯರು ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿಯನ್ನು ಬಿಟ್ಟರು. ಕಲ್ಲು ಸತ್ತವನಿಗೆ, ಗದ್ದೆ ಉಳಿದವರಿಗೆ. ಇಂದು ಆ ಕಲ್ಲುಗಳಿಗೆ ಕುಂಕುಮ ಹಚ್ಚಿ ಕೈಮುಗಿಯುವ ನಾವು ಹಿರಿಯರ ನಡವಳಿಕೆಯಲ್ಲಿ ಸುಲಭವಾದ ಅರ್ಧವನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಭೂಮಿಯ ಮಾತು ಬಂದುದರಿಂದ ಕಹಿಯಾದ ಒಂದು ಸಂಗತಿಯನ್ನೂ ಹೇಳಿಬಿಡಬೇಕು. ಕರ್ನಾಟಕದ 1969ರ ಭೂಮಂಜೂರಾತಿ ನಿಯಮಗಳಲ್ಲಿ ಹಂಚಬಹುದಾದ ಸರಕಾರಿ ಜಮೀನಿನ ನೂರಕ್ಕೆ 10 ಪಾಲನ್ನು ಸೈನಿಕರಿಗೂ ಮಾಜಿ ಸೈನಿಕರಿಗೂ ಮೀಸಲಿಟ್ಟಿದೆ. ಇದು ನಮ್ಮ ಕಾಲದ ನೆತ್ತರುಗೊಡಗೆಯೇ ಸರಿ. ಆದರೆ ನಮ್ಮ ಕಾಫಿ ಸೀಮೆಯಲ್ಲಿ ಅರ್ಜಿ ಕೊಟ್ಟು ವರ್ಷಗಟ್ಟಲೆ ಅಲೆಯುವ ಮಾಜಿ ಸೈನಿಕನಿಗೆ ಸಿಗುವ ಉತ್ತರ ಒಂದೇ: ಜಾಗವಿಲ್ಲ. ಜಾಗವೆಲ್ಲಿ ಹೋಯಿತು? ಒಂದಷ್ಟು ಅರಣ್ಯಕ್ಕೆ ಸೇರಿತು, ಅದು ಸರಿಯೇ. ಇನ್ನೊಂದಷ್ಟು ನಮ್ಮ ನಮ್ಮ ಬೇಲಿಗಳ ಒಳಗೆ ಸೇರಿತು. ತೋಟದ ಅಂಚಿನ ಸರಕಾರಿ ಭೂಮಿಯನ್ನು ಹತ್ತಡಿ ಹತ್ತಡಿಯಾಗಿ ಒತ್ತಿ ಗಿಡ ನೆಟ್ಟವರಲ್ಲಿ ಬಡವರೂ ಇದ್ದಾರೆ, ಅವರ ಮಾತು ಬೇರೆ. ಹೊಟ್ಟೆ ತುಂಬಿದವರೂ ಇದ್ದಾರೆ. ಈಗ ಅದನ್ನು ಗುತ್ತಿಗೆಗೆ ಪಡೆಯುವ ದಾರಿಯೂ ತೆರೆದಿದೆ. ಕಾನೂನು ಒಪ್ಪಿದುದನ್ನು ಮನಸ್ಸಾಕ್ಷಿಯೂ ಒಪ್ಪಬೇಕೆಂಬ ನಿಯಮವಿಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾರೆಂದು ಹಿಂದಕ್ಕಟ್ಟಿದ ಲಕ್ಕಮ್ಮನ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಆಗಸ್ಟ್ 15ರಂದು ಬಾವುಟ ಏರಿಸಿ ಜಯಕಾರ ಹಾಕುವ ಮನೆಯಲ್ಲಿ ಅಂಥ ಲಕ್ಕಮ್ಮನೊಬ್ಬಳು ಇದ್ದಿದ್ದರೆ ಯಜಮಾನನಿಗೆ ಏನು ಹೇಳುತ್ತಿದ್ದಳು?

ಕೊಲ್ಲುವ ವೃತ್ತಿಯವನಿಗೆ ದಯೆಯೇ ಮೂಲವೆಂದು ನಂಬಿದವರು ಗೌರವ ಸಲ್ಲಿಸುವುದು ಹೇಗೆಂದು ಕೆಲವರು ಕೇಳುವುದುಂಟು. ಶರಣರ ಸಮೂಹದಲ್ಲಿ ಜೋದರ ಮಾಯಣ್ಣನೂ ಇದ್ದನು. ಅವನ ಹೆಸರಿನಲ್ಲಿಯೇ ಯೋಧನ ಕಾಯಕವಿದೆ. ಯುದ್ಧವನ್ನು ಬಯಸುವುದು ಬೇರೆ, ಕಾವಲಿಗೆ ನಿಂತವನ ಋಣವನ್ನು ಒಪ್ಪಿಕೊಳ್ಳುವುದು ಬೇರೆ. ಯುದ್ಧದ ಕೂಗನ್ನು ಅತ್ಯಂತ ಗಟ್ಟಿಯಾಗಿ ಕೂಗುವವರು ಸಾಮಾನ್ಯವಾಗಿ ಗಡಿಯಿಂದ ಬಹುದೂರದಲ್ಲಿರುವವರೇ ಎಂಬುದನ್ನು ನಾನು ಗಮನಿಸಿದ್ದೇನೆ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವು ಇಲ್ಲಿ ಮುಖ್ಯವಾದುದು. ದಾನದಲ್ಲಿ ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ. ವೇದಿಕೆಯ ಮೇಲೆ ಯೋಧನ ವಿಧವೆಯನ್ನು ನಿಲ್ಲಿಸಿ, ಶಾಲು ಹೊದೆಸಿ, ಚೆಕ್ಕನ್ನು ಛಾಯಾಚಿತ್ರ ತೆಗೆಯುವವನ ಕಡೆಗೆ ತಿರುಗಿಸಿ ಹಿಡಿಯುವುದನ್ನು ಕಂಡಾಗಲೆಲ್ಲ ನನಗೆ ಸಂಕೋಚವಾಗುತ್ತದೆ. ಇದಕ್ಕಿಂತ, 1949ರಿಂದ ಡಿಸೆಂಬರ್ 7ರಂದು ನಡೆದು ಬಂದಿರುವ ಧ್ವಜ ದಿನವು ಎಷ್ಟೋ ಮೇಲು. ಡಬ್ಬಿಗೆ ಕಾಸು ಹಾಕಿದವನ ಹೆಸರನ್ನು ಯಾರೂ ಬರೆದುಕೊಳ್ಳುವುದಿಲ್ಲ. 1962ರಲ್ಲಿ ಚೀನದೊಡನೆ ಯುದ್ಧವಾದಾಗ ಮೈಮೇಲಿನ ಒಡವೆಗಳನ್ನು ರಕ್ಷಣಾ ನಿಧಿಗೆ ಬಿಚ್ಚಿಕೊಟ್ಟ ಹೆಂಗಸರಲ್ಲಿ ಹೆಸರು ಉಳಿಯದವರೇ ಬಹಳ.

ಸೇವೆ ಮುಗಿಸಿ ಬಂದವನ ಮಾತನ್ನು ನಾವು ಮರೆಯುತ್ತೇವೆ. ಸಿಪಾಯಿಯು ನಿವೃತ್ತನಾಗುವುದು ಮುಪ್ಪಿನಲ್ಲಲ್ಲ. ಸಾಮಾನ್ಯವಾಗಿ ನಲವತ್ತರ ಆಸುಪಾಸಿನಲ್ಲಿಯೇ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರಿದವರಿಗೆ ನಾಲ್ಕೇ ವರ್ಷದ ಸೇವೆ. ನೂರಕ್ಕೆ 25 ಮಂದಿಯವರೆಗೆ ಮಾತ್ರ ಮುಂದುವರಿಕೆ. ಮಿಕ್ಕವರಿಗೆ ಒಂದು ಇಡಿಗಂಟು ದೊರೆಯುವುದೇ ಹೊರತು ಪಿಂಚಣಿಯಿಲ್ಲ. ಮಲೆನಾಡಿನ ತರುಣನೊಬ್ಬನು ಇಪ್ಪತ್ತೈದು ತುಂಬುವ ಮೊದಲೇ ಸಮವಸ್ತ್ರ ಕಳಚಿ ಬಂದರೆ ಅವನಿಗೆ ಬೇಕಾದುದು ಹಾರವಲ್ಲ, ಕಾಯಕ. ನಮ್ಮ ತೋಟಗಳಲ್ಲಿ ರೈಟರ ಕೆಲಸವಿದೆ, ಸಹಕಾರ ಸಂಘಗಳಲ್ಲಿ ಸ್ಥಾನಗಳಿವೆ, ಶಾಲೆಗಳಿವೆ. ನಾವೋ, ಮಾಜಿ ಸೈನಿಕನನ್ನು ಕಂಡೊಡನೆ ಮೊದಲು ಕೇಳುವುದು ಮಿಲಿಟರಿ ಕ್ಯಾಂಟೀನಿನ ಸೀಸೆ ಸಿಕ್ಕೀತೇ ಎಂದು! ನಗೆಯ ಮಾತಾದರೂ ಸುಳ್ಳಲ್ಲ.

ಕೊಟ್ಟಿಗೆಹಾರದಿಂದಾಚೆ, ಮೊಬೈಲು ಸಿಗ್ನಲ್ ತಲುಪದ ಒಂದು ಒಂಟಿ ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರಿದ್ದಾರೆ. ಅವರ ಮಗ ಸೈನ್ಯದಲ್ಲಿದ್ದನು. ಗುಂಡೇಟಿನಿಂದ ಮಡಿದವನಲ್ಲ, ದೂರದ ಶಿಬಿರದಲ್ಲಿ ಜ್ವರ ಬಂದು ತೀರಿಕೊಂಡವನು. ಆದುದರಿಂದ ಮೆರವಣಿಗೆಯಾಗಲಿಲ್ಲ, ಯಾವ ವೃತ್ತಕ್ಕೂ ಅವನ ಹೆಸರಿಲ್ಲ. ಅವನು ಮದುವೆಯಾಗಿರಲಿಲ್ಲವಾದ್ದರಿಂದ ತಾಯಿಗೆ ಕುಟುಂಬ ಪಿಂಚಣಿ ಬರುತ್ತದೆ. ಅದು ಬರುತ್ತಿರಬೇಕಾದರೆ ಆಕೆಯು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ತಾನು ಬದುಕಿದ್ದೇನೆಂದು ಪ್ರಮಾಣಪತ್ರ ಕೊಡಬೇಕು. ಒಂದು ವರ್ಷ ಕಡತದಲ್ಲಿಯ ಹೆಸರಿಗೂ ಆಧಾರ್ ಚೀಟಿಯ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸವಾಗಿ ಐದು ತಿಂಗಳು ಹಣ ನಿಂತುಹೋಯಿತು. ನವೆಂಬರೆಂದರೆ ನಮ್ಮಲ್ಲಿ ಅರೇಬಿಕಾ ಹಣ್ಣಿನ ಕುಯ್ಲು. ಆ ದಿನಗಳಲ್ಲಿ ಯಾವ ತೋಟದವರೂ ಜೀಪನ್ನೂ ಆಳನ್ನೂ ಅರ್ಧ ದಿನಕ್ಕೂ ಬಿಡುವುದಿಲ್ಲ. ನಾನೂ ಬಿಟ್ಟಿರಲಿಲ್ಲ, ಮುಂದಿನ ವಾರವೆಂದು ಎರಡು ಸಲ ಹೇಳಿ ಕಳುಹಿಸಿದ್ದೆನು.

ಆಕೆಯನ್ನು ಮೂಡಿಗೆರೆಗೆ ಕರೆದೊಯ್ದವನು ನಮ್ಮ ತೋಟದ ಲೈನಿನಲ್ಲಿರುವ ಕೂಲಿಯವರ ಮಗ. ಒಂದು ದಿನದ ಕುಯ್ಲಿನ ಕೂಲಿಯನ್ನು ಬಿಟ್ಟು, ಯಾರದೋ ಆಟೋವನ್ನು ಎರವಲು ತಂದು, ಕಚೇರಿಯ ಸಾಲಿನಲ್ಲಿ ಆಕೆಯ ಬದಲು ತಾನು ನಿಂತು, ಹೆಸರನ್ನು ತಿದ್ದಿಸಿಕೊಂಡು ಸಂಜೆಗೆ ಮನೆ ಮುಟ್ಟಿಸಿದನಂತೆ. ವಿಷಯ ತಿಳಿದು ನಾಚಿಕೆಯಾಗಿ ಮರುದಿನ ನಾನು ಆ ಮನೆಗೆ ಹೋದೆನು. ಹುಡುಗನೂ ಅಲ್ಲಿಯೇ ಇದ್ದನು. ಸೋರುತ್ತಿದ್ದ ಹೆಂಚನ್ನು ಸರಿಪಡಿಸುತ್ತಿದ್ದನು. ನಾನು ಅವನ ಕೂಲಿಯ ಹಣವನ್ನು ಕೊಡಹೋದೆ. ಅವನು ಏಣಿಯ ಮೇಲಿಂದಲೇ, "ಅಜ್ಜಿ ಕೊಟ್ರು ಅಯ್ಯ, ಕಡುಬು ತಿಂದಾಯ್ತು," ಎಂದನು. ಆಕೆ ನನ್ನನ್ನೂ ಕುಳ್ಳಿರಿಸಿ ಕಡುಬು ಬಡಿಸಿದರು. ಗೋಡೆಯ ಮೇಲೆ ಸಮವಸ್ತ್ರದಲ್ಲಿದ್ದ ಮಗನ ಪಟವಿತ್ತು. ಐದು ತಿಂಗಳು ಹೇಗೆ ಕಳೆದಿರೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಆಕೆ ಅದನ್ನು ಹೇಳಲೂ ಇಲ್ಲ; ಬರುವ ನವೆಂಬರಿನಲ್ಲಿ ಯಾವ ದಿನ ಬರುತ್ತೀಯೆಂದು ಹುಡುಗನನ್ನು ಕೇಳುತ್ತಿದ್ದರು. ಆ ದಿನ ನಾನು ಬರುತ್ತೇನೆಂದೆನು. ಆಕೆ ನನ್ನ ಮುಖವನ್ನು ನೋಡಿ, "ಆಗ ನಿಮ್ಮಲ್ಲಿ ಕುಯ್ಲಲ್ವೇನಪ್ಪಾ?" ಎಂದರು.