ಲೆಕ್ಕ ಇಡದ ವರ್ಷಗಳ ಲೆಕ್ಕ

ಗಂಡ ಹೆಂಡತಿ ಸಾಮಾನ್ಯವಾಗಿ ಒಬ್ಬರಿಗೊಬ್ಬರು ಲೆಕ್ಕ ಇಡುವುದಿಲ್ಲ. ಈ ತಿಂಗಳ ಹಾಲಿನ ದುಡ್ಡು ಯಾರು ಕೊಟ್ಟರು, ಮಗುವಿನ ಫೀಸು ಯಾರ ಕಾರ್ಡಿಂದ ಹೋಯ್ತು ಅಂತ ಬರೆದಿಡುವ ಮನೆಗಳು ಕಡಿಮೆ. ಬರೆದಿಟ್ಟರೆ "ನಾವೇನು ಪಿಜಿಯಲ್ಲಿದ್ದೀವಾ?" ಅಂತ ಜಗಳ ಆಗತ್ತೆ. ಲೆಕ್ಕ ಇಡದಿರುವುದೇ ನಂಬಿಕೆ. ಆದರೆ ವಿಚ್ಛೇದನದ ಮಾತು ಬಂದ ದಿನ ಇದೇ ನಂಬಿಕೆ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ ಆಗಿಬಿಡುತ್ತದೆ.

ಉದಾಹರಣೆಗೆ ಬೆಂಗಳೂರಿನಲ್ಲಿ ಇಬ್ಬರೂ ದುಡಿಯುವ ಒಂದು ಸಂಸಾರ ಅಂದುಕೊಳ್ಳಿ. ಫ್ಲ್ಯಾಟ್ ಗಂಡನ ಹೆಸರಲ್ಲಿದೆ, ತಿಂಗಳಿಗೆ 45,000 ರೂಪಾಯಿ ಇಎಂಐ ಅವನ ಸಂಬಳದಿಂದ. ದಿನಸಿ, ಶಾಲೆ ಫೀಸು, ಕೆಲಸದವರ ಸಂಬಳ, ಅತ್ತೆಯ ಔಷಧಿ ಎಲ್ಲ ಸೇರಿ 35,000 ಹೆಂಡತಿಯ ಸಂಬಳದಿಂದ. 8 ವರ್ಷಕ್ಕೆ ಅವನು ಕಟ್ಟಿದ್ದು 43,20,000. ಅವಳು ಹಾಕಿದ್ದು 33,60,000. ಅವಳು ಮನೆ ನಡೆಸದಿದ್ದರೆ ಅವನಿಗೆ ಕಂತು ಕಟ್ಟೋಕೆ ಆಗ್ತಿತ್ತಾ? ಕಷ್ಟ ಇತ್ತು. ಆದರೂ ಕೊನೆಗೆ ಅವನ ಕೈಲಿ ಫ್ಲ್ಯಾಟ್, ಅವಳ ಕೈಲಿ ಹಳೇ ದಿನಸಿ ಬಿಲ್ಲು. ಅದನ್ನೂ ಎತ್ತಿಟ್ಟಿರುವುದು ಅನುಮಾನ.

ಕಾನೂನು ಇಲ್ಲಿ ಅರ್ಧ ದಾರಿಗೆ ಮಾತ್ರ ಬರುತ್ತದೆ. ನಮ್ಮ ದೇಶದ ಬಹುಪಾಲು ಕಡೆ, ಮದುವೆಯ ನಂತರ ಗಳಿಸಿದ್ದು ತಾನಾಗೇ ಇಬ್ಬರದಾಗುವುದಿಲ್ಲ. ಹೆಸರು ಯಾರದೋ ಆಸ್ತಿ ಅವರದು. ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆ ಉಳಿದಿರುವ ಗೋವಾದಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ ಅದು ಇಬ್ಬರಿಗೂ ಸಮ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಜೀವನಾಂಶಕ್ಕೆ 25ನೇ ಕಲಂ ಇದೆ. 27ನೇ ಕಲಂ ಮದುವೆ ಸಮಯದಲ್ಲಿ ಇಬ್ಬರಿಗೂ ಸೇರಿ ಬಂದ ವಸ್ತುಗಳ ಬಗ್ಗೆ. ನಡುವಿನ ವರ್ಷಗಳ ದುಡಿಮೆ ಯಾವ ಕಲಮಿಗೂ ಸರಿಯಾಗಿ ಸಿಗುವುದಿಲ್ಲ. 2023ರಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಆಸ್ತಿ ದಾವೆಯಲ್ಲಿ, ಮನೆ ನೋಡಿಕೊಂಡ ಹೆಂಡತಿಯ ಶ್ರಮವೂ ಆಸ್ತಿ ಗಳಿಕೆಗೆ ಕೊಡುಗೆಯೇ ಅಂತ ಹೇಳಿತು. ಒಳ್ಳೆಯ ಮಾತು. ಆದರೆ ಅದು ಇನ್ನೂ ದೇಶಕ್ಕೆಲ್ಲ ಕಾನೂನಾಗಿಲ್ಲ.

ಹಾಗಾದರೆ ಉಳಿದರ್ಧ ದಾರಿ ನಡೆಯಬೇಕಾದವರು ಯಾರು? ಆ ಇಬ್ಬರೇ. ಮೊದಲ ಹೆಜ್ಜೆ ಹಂಚುವುದಲ್ಲ, ಇರುವುದನ್ನೆಲ್ಲ ಎದುರಿಗಿಡುವುದು.

ನಮ್ಮೂರಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಪಂಚರು ಮೊದಲು ಕೇಳೋದು ಯಾರಿಗೆಷ್ಟು ಅಂತಲ್ಲ. ಹೊಲ, ದನ, ಪಾತ್ರೆ, ಸೊಸೈಟಿ ಸಾಲ, ಎಲ್ಲ ಹೇಳಿ ಅಂತಾರೆ. ಮಾತು ಬಿಟ್ಟ ಅಣ್ಣತಮ್ಮಂದಿರೂ ಹೇಳಬೇಕು. ಪ್ರೀತಿ ಇದೆಯಾ ಅನ್ನೋದು ಅಲ್ಲಿ ಪ್ರಶ್ನೆಯೇ ಅಲ್ಲ.

ನಮ್ಮ ಕಾಲದ ಆಸ್ತಿ ಮಾತ್ರ ಹೊಲದ ಹಾಗೆ ಕಣ್ಣಿಗೆ ಕಾಣುವುದಿಲ್ಲ. ಮುಂದಿನ ಮಾರ್ಚಿಗೆ ವೆಸ್ಟ್ ಆಗುವ ಆರ್‌ಎಸ್‌ಯು ಈ ತಿಂಗಳ ಪೇಸ್ಲಿಪ್ಪಿನಲ್ಲಿ ಇರುವುದಿಲ್ಲ. ಅಪ್ಪನ ಖಾತೆಗೆ ದಾಟಿಸಿದ ಎಫ್‌ಡಿ, ಕೇಸು ಮುಗಿಯುವವರೆಗೆ ಮುಂದೂಡಿದ ಕೆಲಸ ಬದಲಾವಣೆ, ಯಾರಿಗೂ ಹೇಳದ ಫ್ರೀಲಾನ್ಸ್ ಆದಾಯ, ಎಲ್ಲವನ್ನೂ "ಪ್ಲ್ಯಾನಿಂಗ್" ಅಂತ ಕರೆಯಬಹುದು. ಗಂಡಸರಷ್ಟೇ ಹೀಗೆ ಮಾಡ್ತಾರೆ ಅಂತಲೂ ಅಲ್ಲ. ಸುಪ್ರೀಂ ಕೋರ್ಟ್ ನವೆಂಬರ್ 2020ರಲ್ಲಿ, ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ, ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು ಅಂದಿದ್ದು ಅದಕ್ಕೇ. ಸುಳ್ಳು ಹೇಳಿದರೆ ಕ್ರಮಕ್ಕೂ ದಾರಿ ಇಟ್ಟಿತು.

ನೀವು ಕೇಳಬಹುದು: "ನಾನೊಬ್ಬನೇ ಸತ್ಯ ಹೇಳಿ, ಅವರು ಮುಚ್ಚಿಟ್ಟರೆ? ನನ್ನ ಪೂರ್ತಿ ಸಂಬಳ ನೋಡಿ ಅವರ ವಕೀಲರು ಎರಡರಷ್ಟು ಕೇಳಿದರೆ?" ಭಯ ಸುಳ್ಳಲ್ಲ. ಆದರೆ ತೋರಿಸುವುದು ಬೇರೆ, ಕೊಡುವುದು ಬೇರೆ. ಎಲ್ಲ ತೋರಿಸಿದ ಮೇಲೂ "ಇಷ್ಟು ನ್ಯಾಯ ಅಲ್ಲ" ಅಂತ ವಾದ ಮಾಡುವ ಹಕ್ಕು ನಿಮಗೆ ಪೂರ್ತಿ ಇದೆ. ಮುಚ್ಚಿಟ್ಟವರಿಗೆ ಇಲ್ಲದಿರೋದು ಅದೇ. ಅವರು ಏನು ವಾದ ಮಾಡಿದರೂ ತಪ್ಪು ಅಂಕಿಯ ಮೇಲೆ ಮಾಡ್ತಾರೆ.

ಸಾಲವನ್ನೂ ಮರೆಯಬೇಡಿ. ಜಂಟಿ ಗೃಹಸಾಲ ಇದ್ದರೆ ಡಿಕ್ರಿ ಬಂದ ಮೇಲೂ ಬ್ಯಾಂಕಿನ ಪಾಲಿಗೆ ಇಬ್ಬರೂ ಸಾಲಗಾರರೇ. ಅವನು ಕಂತು ತಪ್ಪಿಸಿದರೆ ಅವಳ ಸಿಬಿಲ್ ಸ್ಕೋರೂ ಬೀಳತ್ತೆ. ಬ್ಯಾಂಕಿನಲ್ಲಿ ಹೆಸರು ತೆಗೆಸುವವರೆಗೆ ಲೆಕ್ಕ ಮುಗಿದಿಲ್ಲ.

ಸತ್ಯ ಹೇಳಬೇಕಾದದ್ದು ಪ್ರೀತಿ ಉಳಿದಿದೆ ಅಂತಲ್ಲ, ಕಾನೂನಿನ ಹೆದರಿಕೆಗೂ ಅಲ್ಲ. ನಿಮ್ಮ ಜೊತೆಗಿದ್ದವರು ಇಷ್ಟು ವರ್ಷ ಬಿಲ್ಲು ಎತ್ತಿಡದೇ ಇದ್ದದ್ದು ನಿಮ್ಮನ್ನು ನಂಬಿ. ಬಿಲ್ಲು ಇಲ್ಲ ಅನ್ನೋದನ್ನೇ ಇವತ್ತು ನಿಮ್ಮ ಲಾಭಕ್ಕೆ ಬಳಸಿದರೆ, ನೀವು ಉಳಿಸಿಕೊಂಡದ್ದು ಆಸ್ತಿಯಲ್ಲ, ಸಾಲ. ಅದಕ್ಕೆ ಇಎಂಐ ಇಲ್ಲ ಅಷ್ಟೇ.